ಪ್ರೊಜೆಕ್ಟರ್ ಕೇಬಲ್ ಗೋಡೆಯೊಳಗೆ ಇಳಿಸಿದ್ದು ಹೀಗೆ: ನನ್ನ ಅನುಭವ

ಮನೆಗೆ ಪ್ರೊಜೆಕ್ಟರ್ ಹಾಕಿಸಬೇಕು ಅಂದ್ಕೊಂಡವರು ಮೊದಲು ಯಾವ ಪ್ರೊಜೆಕ್ಟರ್ ಅಂತ ಹುಡುಕುತ್ತಾರೆ. ನಾನು ಮೊದಲು ಹಿಡಿದದ್ದು ಅಳತೆ ಟೇಪು. ಕೋಣೆಯ ಗೋಡೆಯಲ್ಲಿ 100 ಇಂಚಿನ ಪರದೆಗೆ ಜಾಗ ಇತ್ತು. 16:9 ಆಕಾರದಲ್ಲಿ ಅದು ಸುಮಾರು 221 ಸೆಂ.ಮೀ. ಅಗಲ, 125 ಸೆಂ.ಮೀ. ಎತ್ತರ ಬರುತ್ತದೆ. ಪ್ರೊಜೆಕ್ಟರಿನ ವಿವರಗಳಲ್ಲಿ ಥ್ರೋ ರೇಷಿಯೋ ಅಂತ ಒಂದು ಅಂಕಿ ಕೊಟ್ಟಿರುತ್ತಾರೆ. ಪರದೆಯ ಅಗಲವನ್ನು ಅದರಿಂದ ಗುಣಿಸಿದರೆ ಲೆನ್ಸು ಎಷ್ಟು ದೂರ ಇರಬೇಕು ಅಂತ ಗೊತ್ತಾಗುತ್ತದೆ. ನನ್ನದು 1.5, ಹಾಗಾಗಿ ಸುಮಾರು 3.3 ಮೀಟರ್.

ಎಷ್ಟೋ ಮಾಡೆಲ್‌ಗಳಲ್ಲಿ ಲೆನ್ಸು ಮಧ್ಯದಲ್ಲಿ ಇರುವುದಿಲ್ಲ, ಒಂದು ಪಕ್ಕಕ್ಕೆ ಇರುತ್ತದೆ. ಪರದೆಯ ನಡುಗೆರೆಗೆ ಬರಬೇಕಾದ್ದು ಲೆನ್ಸು. ಬ್ರಾಕೆಟ್ಟು ಅತ್ತಿತ್ತ ಆದರೂ ಪರವಾಗಿಲ್ಲ. ಇದನ್ನು ಬಿಟ್ಟು ಆಮೇಲೆ ಕೀಸ್ಟೋನ್‌ನಲ್ಲಿ (ಸೊಟ್ಟಗೆ ಬಿದ್ದ ಚಿತ್ರವನ್ನು ನೇರ ಮಾಡುವ ಸೆಟ್ಟಿಂಗ್) ಸರಿ ಮಾಡ್ಕೊಳ್ಳೋಣ ಅಂದರೆ, ಚಿತ್ರ ಆಯತಾಕಾರಕ್ಕೆ ಬರುತ್ತದೆ ನಿಜ, ಆದರೆ ಒಂದಿಷ್ಟು ಪಿಕ್ಸೆಲ್‌ಗಳು ಕೆಲಸಕ್ಕೆ ಬಾರದೆ ಹೋಗುತ್ತವೆ. ಲೆನ್ಸನ್ನೇ ಸರಿಸುವ ಲೆನ್ಸ್ ಶಿಫ್ಟ್ ಇದ್ದರೆ ಆ ನಷ್ಟ ಇಲ್ಲ. ನಾನು ಕೀಸ್ಟೋನನ್ನು ಸೊನ್ನೆಯಲ್ಲೇ ಇಟ್ಟಿದ್ದೇನೆ.

ಇನ್ನು ಕೇಬಲ್. ಪರದೆಯ ಕೆಳಗೆ ಒಂದು ಕಪಾಟು, ಅದರಲ್ಲಿ ಎವಿ ರಿಸೀವರ್, ಅಂದರೆ ಚಿತ್ರ, ಧ್ವನಿಗಳನ್ನು ಪರದೆಗೂ ಸ್ಪೀಕರಿಗೂ ಹಂಚುವ ಪೆಟ್ಟಿಗೆ. ಪ್ಲೇಯರು, ಸೆಟ್ ಟಾಪ್ ಬಾಕ್ಸು ಎಲ್ಲವೂ ರಿಸೀವರಿಗೇ ಸೇರುತ್ತವೆ. ಅಲ್ಲಿಂದ ಪ್ರೊಜೆಕ್ಟರಿಗೆ ಹೋಗುವುದು ಒಂದೇ ಒಂದು ಕೇಬಲ್, ಚಿತ್ರ, ಧ್ವನಿ ಎರಡನ್ನೂ ಒಯ್ಯುವ ಎಚ್‌ಡಿಎಂಐ. ಕಪಾಟಿನಿಂದ ಗೋಡೆ ಹತ್ತಿ, ಸೀಲಿಂಗ್ ದಾಟಿ, ತಿರುವುಗಳನ್ನೂ ಸೇರಿಸಿದರೆ ಹತ್ತಿರ ಹತ್ತಿರ 10 ಮೀಟರ್ ಆಯಿತು. ಅಷ್ಟು ಉದ್ದಕ್ಕೆ ಮಾಮೂಲಿ ತಾಮ್ರದ ಕೇಬಲ್ಲನ್ನು ನಾನು ನಂಬಲಿಲ್ಲ. 4ಕೆ ಚಿತ್ರ 60 ಹರ್ಟ್ಸ್‌ನಲ್ಲಿ ಹೋಗಬೇಕಾದರೆ ಕೇಬಲ್ ಸೆಕೆಂಡಿಗೆ 18 ಗಿಗಾಬಿಟ್ ಮಾಹಿತಿ ಸಾಗಿಸಬೇಕು. ಉದ್ದ ಜಾಸ್ತಿಯಾದಷ್ಟೂ ಚಿತ್ರದಲ್ಲಿ ಚುಕ್ಕಿ ಮಿನುಗುವುದು, ನಡುನಡುವೆ ಪರದೆ ಕಪ್ಪಾಗುವುದು ಶುರುವಾಗುತ್ತದೆ. ಅದಕ್ಕೇ ಸಿಗ್ನಲ್ಲನ್ನು ಬೆಳಕಾಗಿ ಒಯ್ಯುವ ಆಪ್ಟಿಕಲ್ ಎಚ್‌ಡಿಎಂಐ ತಂದೆ. ತೆಳ್ಳಗಿರುತ್ತದೆ, ಎಳೆಯಲು ಸುಲಭ. ಆದರೆ ಇದಕ್ಕೆ ದಿಕ್ಕು ಇದೆ. ಒಂದು ತುದಿಯಲ್ಲಿ ಸೋರ್ಸ್, ಇನ್ನೊಂದರಲ್ಲಿ ಡಿಸ್‌ಪ್ಲೇ ಅಂತ ಬರೆದಿರುತ್ತದೆ. ತಿರುಗಾಮುರುಗಾ ಎಳೆದರೆ ಚಿತ್ರವೇ ಬರುವುದಿಲ್ಲ. ಎಳೆಯುವ ಮೊದಲು ಕೇಬಲ್ಲನ್ನು ನೆಲದ ಮೇಲೆ ಹಾಸಿ, ಎರಡೂ ಕಡೆ ಸಿಕ್ಕಿಸಿ, ಇಡೀ ಸಂಜೆ 4ಕೆಯಲ್ಲಿ ಸಿನಿಮಾ ಓಡಿಸಿ ನೋಡಿದೆ.

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಪೈಪು. ಕೇಬಲ್ಲನ್ನು ನೇರ ಗೋಡೆಯೊಳಗಿಟ್ಟು ಗಾರೆ ಬಳಿದುಬಿಡುವವರಿದ್ದಾರೆ. ಅದು ಕೆಟ್ಟರೆ, ಇಲ್ಲವೇ ನಾಳೆ ಬೇರೆ ಬಗೆಯ ಕೇಬಲ್ ಬೇಕಾದರೆ, ಮತ್ತೆ ಗೋಡೆ ಒಡೆಯಬೇಕು ಅಲ್ವಾ? ವೈರಿಂಗಿಗೆ ಹಾಕುವ 25 ಎಂ.ಎಂ. ಪೈಪು ಇದಕ್ಕೆ ಸಾಲದು. ಎಚ್‌ಡಿಎಂಐ ತಲೆಯೇ ಸುಮಾರು 2 ಸೆಂ.ಮೀ. ಅಗಲ ಇರುತ್ತದೆ. ನೇರ ಪೈಪಿನಲ್ಲಿ ಹೇಗೋ ನುಸುಳಿದರೂ ತಿರುವಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ನಾನು 40 ಎಂ.ಎಂ. ಪೈಪು ಹಾಕಿಸಿದೆ. ತಿರುವಿನಲ್ಲಿ ಥಟ್ಟನೆ ತಿರುಗುವ ಎಲ್ಬೋ ಬೇಡವೇ ಬೇಡ ಅಂದೆ, ಉದ್ದನೆಯ ಬೆಂಡ್ ಹಾಕಿಸಿದೆ.

ಅಷ್ಟು ದಪ್ಪ ಪೈಪಿಗೆ ಗೋಡೆಯಲ್ಲಿ ಗ್ರೂವ್ (ಪೈಪು ಕೂರುವ ಕಾಲುವೆ) ಆಳವಾಗಿ ಹೊಡೆಯಬೇಕು. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯಲ್ಲಿ ಮೇಲಿಂದ ಕೆಳಕ್ಕೆ ಮಾತ್ರ ಹೊಡೆಸಿದೆ. ಅಡ್ಡಕ್ಕೆ ಕೊರೆದರೆ ಗೋಡೆಯ ಬಲ ಕಡಿಮೆಯಾಗುತ್ತದೆ. ಓರೆಯಾಗಿ ಹೊಡೆದರೆ ಮುಂದೆ ಮೊಳೆ ಹೊಡೆಯುವವರಿಗೆ ಪೈಪು ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಕಾಂಕ್ರೀಟ್ ಕಂಬ, ಬೀಮು, ಸ್ಲ್ಯಾಬುಗಳಲ್ಲಿ ಗ್ರೂವ್ ಹೊಡೆಯುವ ತಂಟೆಗೆ ಹೋಗಲೇ ಇಲ್ಲ. ಅಡ್ಡ ಓಟ ಪೂರ್ತಿ ಫಾಲ್ಸ್ ಸೀಲಿಂಗ್ ಮೇಲೆ. ಕರೆಂಟಿನ ವೈರಿಗೆ ಬೇರೆಯೇ ಪೈಪು. ಆ ಭಾಗವನ್ನು ಎಲೆಕ್ಟ್ರಿಷಿಯನ್ನಿಗೇ ಬಿಟ್ಟೆ, ಅದರಲ್ಲಿ ಕೈಯಾಡಿಸುವ ಹುಚ್ಚು ಸಾಹಸ ಬೇಡ. ಸ್ಪೀಕರ್ ವೈರಿಗೂ ಇನ್ನೊಂದು ಪೈಪು, ಎರಡೂ ತುದಿಗೆ ಹೆಸರು ಬರೆದ ಚೀಟಿ. ಗ್ರೂವ್ ಮುಚ್ಚುವ ಮೊದಲು ಅಳತೆ ಟೇಪನ್ನು ಗೋಡೆಗೆ ಹಿಡಿದು ಫೋಟೋ ತೆಗೆದಿಟ್ಟುಕೊಂಡೆ. ಪೈಪಿನ ಮೇಲೆ ಚಿಕನ್ ಮೆಶ್ (ತೆಳು ತಂತಿಯ ಬಲೆ) ಹೊಡೆಸಿ ಗಾರೆ ಮಾಡಿಸಿದೆ. ಮೆಶ್ ಇಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಪೈಪಿನ ಗುಂಟ ಬಿರುಕು ಬಿಡುವುದುಂಟು.

ಕೇಬಲ್ ಎಳೆಯುವುದು ನನಗೆ ತುಂಬಾ ಇಷ್ಟವಾದ ಕೆಲಸ. ತೆಳುವಾದ ಪ್ಲಾಸ್ಟಿಕ್ ಕವರಿನ ಚೂರೊಂದನ್ನು ಉಂಡೆ ಮಾಡಿ ನೈಲಾನ್ ದಾರಕ್ಕೆ ಕಟ್ಟಿ, ಪೈಪಿನ ಒಂದು ಬಾಯಿಗೆ ಇಟ್ಟೆ. ಇನ್ನೊಂದು ಬಾಯಿಗೆ ವ್ಯಾಕ್ಯೂಮ್ ಕ್ಲೀನರ್ ಹಿಡಿದರೆ ದಾರ ಸುರ್ರಂತ ಆಚೆ ಕಡೆ ಬಂದುಬಿಡುತ್ತದೆ. ಆ ದಾರದಿಂದ ಗಟ್ಟಿ ಹಗ್ಗ, ಹಗ್ಗದಿಂದ ಕೇಬಲ್. ಹಗ್ಗವನ್ನು ಕೇಬಲ್ಲಿನ ಮೈಗೆ ಕಟ್ಟಬೇಕು, ತಲೆಗೆ ಕಟ್ಟಿ ಎಳೆದರೆ ಒಳಗಿನ ಎಳೆ ಕಿತ್ತು ಬರುತ್ತದೆ. ತಲೆಗೆ ಟೇಪು ಸುತ್ತಿ ಮೂತಿಯನ್ನು ಚೂಪು ಮಾಡಿದೆ. ಒಬ್ಬರು ಈ ಕಡೆಯಿಂದ ನಿಧಾನಕ್ಕೆ ಬಿಡುತ್ತಿರಬೇಕು, ಇನ್ನೊಬ್ಬರು ಆ ಕಡೆಯಿಂದ ಎಳೆಯಬೇಕು. ಬಿಗಿ ಬಂತು ಅಂದರೆ ನಿಲ್ಲಿಸಿ, ಸ್ವಲ್ಪ ಹಿಂದಕ್ಕೆ ಬಿಟ್ಟು ಮತ್ತೆ ಎಳೆಯಬೇಕು. ಜೊತೆಗೆ ಇನ್ನೊಂದು ದಾರವನ್ನೂ ಎಳೆದು ಪೈಪಿನಲ್ಲೇ ಬಿಟ್ಟಿದ್ದೇನೆ. ಮುಂದೆ ಏನು ಬೇಕೋ ಅದಕ್ಕೆ ಕಟ್ಟಿ ಎಳೆದರೆ ಆಯಿತು.

ಬ್ರಾಕೆಟ್ಟನ್ನು ಫಾಲ್ಸ್ ಸೀಲಿಂಗಿನ ಜಿಪ್ಸಮ್ ಬೋರ್ಡಿಗಾಗಲಿ ಅದರ ಫ್ರೇಮಿಗಾಗಲಿ ಕಚ್ಚಿಸಬಾರದು. ಸ್ಲ್ಯಾಬಿಗೆ ಆಂಕರ್ ಬೋಲ್ಟ್ ಹೊಡೆದು, ರಾಡ್ ಇಳಿಬಿಟ್ಟು, ರಸಮಟ್ಟ ಇಟ್ಟು ನೋಡಿ ಬಿಗಿ ಮಾಡಿದೆ. ಪಕ್ಕದಲ್ಲೇ ಸೀಲಿಂಗಿಗೆ ತೆರೆಯುವಂಥ ಮುಚ್ಚಳ ಇಟ್ಟಿದ್ದೇನೆ, ಪೈಪಿನ ಬಾಯಿ, ಪ್ಲಗ್ ಪಾಯಿಂಟ್ ಎರಡೂ ಅಲ್ಲೇ ಸಿಗುತ್ತವೆ. ಬಿಸಿ ಗಾಳಿ ಹೊರಬರುವ ಕಡೆ ಜಾಗ ಬಿಡಬೇಕು. ಎಷ್ಟು ಅಂತ ಕೈಪಿಡಿಯಲ್ಲೇ ಇರುತ್ತದೆ.

ಇಷ್ಟೆಲ್ಲಾ ಆದ ಮೇಲೆ ದೀಪ ಆರಿಸಿ ನೋಡಿದರೆ ಕಪ್ಪು ಬಣ್ಣ ಬೂದಿ ಬೂದಿಯಾಗಿ ಕಾಣುತ್ತಿತ್ತು. ಪ್ರೊಜೆಕ್ಟರಿನ ತಪ್ಪೇನೂ ಇಲ್ಲ. ಪರದೆಯ ಬೆಳಕು ಬಿಳಿ ಸೀಲಿಂಗಿಗೆ, ಪಕ್ಕದ ಗೋಡೆಗೆ ಬಡಿದು ಮತ್ತೆ ಪರದೆಗೇ ಬೀಳುತ್ತದೆ. ಪರದೆಯ ಹತ್ತಿರದ ಸೀಲಿಂಗಿಗೂ ಎರಡು ಪಕ್ಕದ ಗೋಡೆಗೂ ಹೊಳಪಿಲ್ಲದ ಗಾಢ ಬಣ್ಣ ಬಳಿಸಿದೆ. ಇನ್ನೂ ದುಬಾರಿ ಪ್ರೊಜೆಕ್ಟರ್ ತರೋಣ ಅಂತಿರುವವರು ಮೊದಲು ಒಂದು ಡಬ್ಬಿ ಬಣ್ಣ ತಂದು ನೋಡಿ.