ನಿವೃತ್ತಿಯ ನಂತರ ಗಾಲ್ಫ್: ಕುಳಿಯ ಬಳಿಯಿಂದಲೇ ಕಲಿಯಿರಿ

ಮುಂಬೈಯಲ್ಲಿ ನೌಕರಿ ಮುಗಿಸಿ ನವಿ ಮುಂಬೈಯ ನೆರೂಳ್, ಖಾರ್ಘರ್‌ಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಹಲವರು, ಗಾಲ್ಫ್ ಎಂದರೆ ದೊಡ್ಡ ಕ್ಲಬ್ಬುಗಳ ಸದಸ್ಯರಿಗಷ್ಟೇ ಮೀಸಲು ಎಂದು ಭಾವಿಸಿ ದೂರ ಉಳಿಯುತ್ತಾರೆ. ಆದರೆ ಸರ್ಕಾರಿ ನಗರಾಭಿವೃದ್ಧಿ ಸಂಸ್ಥೆ ಸಿಡ್ಕೊ ನಿರ್ಮಿಸಿದ ಖಾರ್ಘರ್ ವ್ಯಾಲಿ ಮೈದಾನದಲ್ಲಿ ಸದಸ್ಯತ್ವವಿಲ್ಲದವರೂ ಶುಲ್ಕ ಕೊಟ್ಟು ಆಡಬಹುದು. ಅರವತ್ತು ದಾಟಿದ ಮೇಲೂ ಧೈರ್ಯವಾಗಿ ಆರಂಭಿಸಬಹುದಾದ ಆಟವಿದು.

ಈ ಆಟದಲ್ಲಿ ಹೆಚ್ಚಾಗಿ ಪೆಟ್ಟು ತಿನ್ನುವುದು ಸೊಂಟ. ಬೆನ್ನು, ಮಂಡಿ ಅಥವಾ ಹೃದಯದ ತೊಂದರೆಯಿದ್ದವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಚೀಲದಲ್ಲಿ ಗರಿಷ್ಠ 14 ಕ್ಲಬ್ (ಚೆಂಡು ಹೊಡೆಯುವ ಕೋಲು) ಇರಬಹುದೆಂಬುದು ನಿಯಮ. ಕನಿಷ್ಠ ಇಷ್ಟಿರಬೇಕೆಂದು ಎಲ್ಲೂ ಇಲ್ಲ. ಚೆಂಡು ಬೀಳಬೇಕಾದ ಕುಳಿಯತ್ತ ಅದನ್ನು ಉರುಳಿಸುವ ಪಟರ್, ಮರಳಿನಿಂದ ಎತ್ತುವ ಸ್ಯಾಂಡ್ ವೆಜ್, ನಡುದೂರಕ್ಕೆ 7 ನಂಬರ್ ಐರನ್ ಮತ್ತು ದೂರದ ಹೊಡೆತಕ್ಕೆ ಒಂದು ಹೈಬ್ರಿಡ್ ಮೊದಲಿಗೆ ಧಾರಾಳವಾಯಿತು. ಕ್ಲಬ್ಬಿನ ದಂಡ ಹಗುರವಾದ ಗ್ರಾಫೈಟಿನದ್ದಾದರೆ ಕೀಲುಗಳಿಗೆ ಹಿತ.

ಹೊಸಬರು ಡ್ರೈವಿಂಗ್ ರೇಂಜಿಗೆ (ಹೊಡೆತ ಅಭ್ಯಾಸ ಮಾಡುವ ಬಯಲಿಗೆ) ಹೋಗಿ ಮೊದಲ ದಿನವೇ ಬಲು ದೂರ ಹೊಡೆಯುವ ಉದ್ದನೆಯ ಕ್ಲಬ್ಬಾದ ಡ್ರೈವರ್ ಬೀಸುವುದು, ನನ್ನ ಅಭಿಪ್ರಾಯದಲ್ಲಿ, ತಲೆಕೆಳಗಾದ ಕ್ರಮ. ಕಲಿಕೆ ಕುಳಿಯ ಬಳಿಯಿಂದ ಶುರುವಾಗಲಿ. ಕುಳಿಯ ಅಗಲ 108 ಮಿಲಿಮೀಟರ್, ಚೆಂಡಿನದು ಸುಮಾರು 43. ಹಾಗಾಗಿ ಮೂರು ಅಡಿ ದೂರದಿಂದ ನೇರವಾಗಿ ತಳ್ಳುವುದೂ ಅಭ್ಯಾಸ ಬೇಡುತ್ತದೆ. ಕಣ್ಣುಗಳು ಚೆಂಡಿನ ಮೇಲ್ಭಾಗಕ್ಕೆ ಬರುವಂತೆ ಬಾಗಿ, ಮಣಿಕಟ್ಟನ್ನು ಅಲುಗಿಸದೆ, ಗಡಿಯಾರದ ಲೋಲಕದಂತೆ ಭುಜಗಳನ್ನಷ್ಟೇ ತೂಗಿ ಪಟರ್ ನಡೆಸಬೇಕು. ಚೆಂಡು ಹೊರಟ ಮೇಲೂ ತಲೆ ಎತ್ತಬಾರದು. ಕುಳಿಗೆ ಬಿದ್ದ ಸದ್ದು ಕಿವಿಗೆ ಕೇಳಲಿ.

ಇದು ಕೈಗೆ ಹತ್ತಿದ ಮೇಲೆ ಗ್ರೀನ್ (ಕುಳಿಯ ಸುತ್ತಲಿನ ನುಣುಪಾದ ಹುಲ್ಲುಹಾಸು) ಅಂಚಿನಿಂದ ಚಿಪ್ ಮಾಡುವುದನ್ನು, ಅಂದರೆ ಚೆಂಡನ್ನು ತುಸು ಎಬ್ಬಿಸಿ ಕುಳಿಯತ್ತ ಉರುಳಿಸುವುದನ್ನು, ಕಲಿಯಿರಿ. ಬಲಗೈಯವರು ದೇಹದ ಭಾರವನ್ನು ಎಡಗಾಲಿನ ಮೇಲೆ ಹಾಕಿ, ಚೆಂಡನ್ನು ಬಲಪಾದದ ಕಡೆಗೆ ತುಸು ಸರಿಸಿಟ್ಟು, ಮೊದಲು ಚೆಂಡಿಗೆ, ಆಮೇಲೆ ಹುಲ್ಲಿಗೆ ಕ್ಲಬ್ ತಗಲುವಂತೆ ಹೊಡೆಯಬೇಕು. ಕ್ಲಬ್ ಹಿಡಿಯುವಾಗ ಎಡಗೈ ಮೇಲೆ, ಬಲಗೈ ಕೆಳಗೆ ಇರಲಿ. ಹಿಡಿ ಅಂಗೈಯಲ್ಲಿ ಹುದುಗದೆ ಬೆರಳುಗಳ ಬುಡದಲ್ಲಿ ಕುಳಿತಿರಬೇಕು. ಬಿಗಿ ಹೆಚ್ಚಾದರೆ ಮೊಣಕೈ ನೋವು ತಪ್ಪದು.

ಪೂರ್ಣ ಸ್ವಿಂಗನ್ನು (ಮೈ ತಿರುಗಿಸಿ ಕ್ಲಬ್ ಬೀಸುವುದನ್ನು) ತರಬೇತುದಾರರ ಕಣ್ಣೆದುರೇ ಕಲಿಯುವುದು ಕ್ಷೇಮ, ಏಕೆಂದರೆ ವಯಸ್ಸಾದವರಲ್ಲಿ ಸೊಂಟ ತಿರುಗದಿದ್ದಾಗ ತೋಳುಗಳೇ ಬಲ ಹಾಕತೊಡಗಿ ಬೆನ್ನು ಹಿಡಿಯುತ್ತದೆ.

ಮಳೆಗಾಲ ಕಳೆದು, ನವೆಂಬರಿನ ತಂಪು ಬೆಳಗುಗಳು ಬಂದಾಗ, ವಾರದ ನಡುವಿನ ದಿನವೊಂದರಲ್ಲಿ ಒಂಬತ್ತೇ ಕುಳಿಗಳ ಸುತ್ತಿಗೆ ಹೊರಡಿ. ಎಲ್ಲಕ್ಕಿಂತ ಮುಂದಿನ, ಅಂದರೆ ಕುಳಿಗೆ ಹತ್ತಿರದ, ಟೀಯಿಂದ (ಮೊದಲ ಹೊಡೆತದ ಜಾಗದಿಂದ) ಆಡಿರಿ. ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಕಳೆದ ಚೆಂಡನ್ನು ಹುಡುಕಲು ನಿಯಮ ಕೊಡುವುದು ಮೂರೇ ನಿಮಿಷ. ಅಷ್ಟರಲ್ಲಿ ನಿಮ್ಮ ಹಿಂದೆ ಆಡುತ್ತಿರುವ ತಂಡ ಬಂದು ಕಾಯುತ್ತಿದ್ದರೆ, ಅವರನ್ನು ಮುಂದೆ ಹೋಗಲು ಬಿಡಿ.