ಲಿನಕ್ಸ್ ಕಂಪ್ಯೂಟರ್ ಮೂಕವಾದರೆ: ಧ್ವನಿ ಎಲ್ಲಿ ನಿಂತಿತೆಂದು ಹುಡುಕುವ ಬಗೆ

ಕೊಡಗಿನ ಅನೇಕ ತೋಟದ ಮನೆಗಳಿಗೆ ನೀರು ಬರುವುದು ಗುಡ್ಡದ ಮೇಲಿನ ಒರತೆಯಿಂದ ಇಳಿಬಿಟ್ಟ ಕಪ್ಪು ಪೈಪಿನಲ್ಲಿ. ನಲ್ಲಿ ಒಣಗಿದ ದಿನ ಯಾರೂ ಹೊಸ ಬಾವಿ ತೋಡಲು ಹೊರಡುವುದಿಲ್ಲ. ಕತ್ತಿ ಹಿಡಿದು ಪೈಪಿನ ಗುಂಟ ನಡೆಯುತ್ತಾರೆ, ಒಂದೊಂದು ಜಾಯಿಂಟಿನಲ್ಲೂ ನಿಂತು ನೀರು ಅಲ್ಲಿಯವರೆಗೆ ಬಂದಿದೆಯೇ ಎಂದು ನೋಡುತ್ತಾರೆ. ಲಿನಕ್ಸ್ ಕಂಪ್ಯೂಟರಿನಲ್ಲಿ ಧ್ವನಿ ನಿಂತಾಗ ಮಾಡಬೇಕಾದದ್ದೂ ಇದೇ ಕೆಲಸ. ಆದರೆ ನಾನು ಕಂಡಂತೆ ಹೆಚ್ಚಿನವರು ಅಂತರಜಾಲದಲ್ಲಿ ಸಿಕ್ಕ ಹತ್ತಾರು ಆದೇಶಗಳನ್ನು ಒಂದರ ಹಿಂದೊಂದರಂತೆ ಓಡಿಸಿ, ಯಾವುದು ಏನನ್ನು ಕೆಡಿಸಿತೆಂದು ತಿಳಿಯದೆ, ಕೊನೆಗೆ ಇಡೀ ವ್ಯವಸ್ಥೆಯನ್ನೇ ಅಳಿಸಿ ಮರುಸ್ಥಾಪಿಸುತ್ತಾರೆ. ನಾಪೋಕ್ಲು ಬಳಿಯ ನನ್ನ ಬಂಧುವೊಬ್ಬರು ಕಳೆದ ಮಳೆಗಾಲದಲ್ಲಿ ಹೀಗೆ ಎರಡು ಸಲ ಮರುಸ್ಥಾಪಿಸಿದರೂ ಲ್ಯಾಪ್‌ಟಾಪ್ ಬಾಯಿ ಬಿಡಲಿಲ್ಲ. ಅದರ ದೋಷ ಎಲ್ಲಿತ್ತೆಂಬುದನ್ನು ಮುಂದೆ ಹೇಳುತ್ತೇನೆ.

ಪೈಪಿನ ದಾರಿಯನ್ನು ಮೊದಲು ತಿಳಿದುಕೊಳ್ಳಬೇಕು. ಎಲ್ಲಕ್ಕಿಂತ ಕೆಳಗೆ ಇರುವುದು ಧ್ವನಿ ಚಿಪ್. ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಇದು ಇಂಟೆಲ್ ಕಂಪನಿ 2004ರಲ್ಲಿ ಪ್ರಕಟಿಸಿದ ಎಚ್‌ಡಿ ಆಡಿಯೊ ಮಾನದಂಡಕ್ಕೆ ಹೊಂದುವ, ರಿಯಲ್‌ಟೆಕ್‌ನಂಥ ತಯಾರಕರ ಚಿಪ್ ಆಗಿರುತ್ತದೆ. ಅದನ್ನು ಮಾತನಾಡಿಸುವ ಡ್ರೈವರ್, ಯಾರೊಸ್ಲಾವ್ ಕಿಸೆಲಾ 1998ರಲ್ಲಿ ಆರಂಭಿಸಿದ ಅಲ್ಸಾ ಎಂಬ ಚೌಕಟ್ಟಿನ ಭಾಗವಾಗಿ, ಲಿನಕ್ಸ್‌ನ ತಿರುಳಾದ ಕರ್ನಲ್‌ನ ಒಳಗೇ ಇರುತ್ತದೆ. ಆದ್ದರಿಂದ ವಿಂಡೋಸ್ ಅಭ್ಯಾಸದಂತೆ ತಯಾರಕರ ಜಾಲತಾಣದಲ್ಲಿ ಡ್ರೈವರ್ ಹುಡುಕುತ್ತ ಕೂರುವುದು ವ್ಯರ್ಥ. ಇಲ್ಲಿ ಡ್ರೈವರ್ ಹೊಸದಾಗುವುದು ಕರ್ನಲ್ ಹೊಸದಾದಾಗ. ಡ್ರೈವರಿನ ಮೇಲೆ, ಹಾಡು, ಬ್ರೌಸರ್, ವಿಡಿಯೊ ಕರೆ ಇವೆಲ್ಲದರ ಧ್ವನಿಯನ್ನು ಬೆರೆಸಿ ಕೆಳಗೆ ಕಳಿಸುವ ಸೌಂಡ್ ಸರ್ವರ್ ಇರುತ್ತದೆ. ಬಹುಕಾಲ ಈ ಕೆಲಸವನ್ನು ಪಲ್ಸ್‌ಆಡಿಯೊ ಮಾಡುತ್ತಿತ್ತು. ಲಿನಕ್ಸ್‌ನ ಬೇರೆ ಬೇರೆ ವಿತರಣೆಗಳಲ್ಲಿ, 2021ರ ಫೆಡೋರಾ 34, ಆಮೇಲೆ ಉಬುಂಟು 22.10 ಮತ್ತು 2024ರ ಲಿನಕ್ಸ್ ಮಿಂಟ್ 22 ಆವೃತ್ತಿಗಳಿಂದ ಆ ಜಾಗಕ್ಕೆ ಪೈಪ್‌ವೈರ್ ಬಂದಿದೆ. ಹಳೆಯ ಸಲಹೆಗಳನ್ನು ಹೊಸ ಯಂತ್ರದ ಮೇಲೆ ಪ್ರಯೋಗಿಸಿ ಕೈಸುಟ್ಟುಕೊಳ್ಳುವುದು ಈ ವ್ಯತ್ಯಾಸ ತಿಳಿಯದವರೇ. ಈಗಾಗಲೇ ಪೈಪ್‌ವೈರ್ ಇರುವಲ್ಲಿ ಪಲ್ಸ್‌ಆಡಿಯೊವನ್ನೂ ಸ್ಥಾಪಿಸಿದರೆ ಇದ್ದ ಒಂದು ತೊಂದರೆಗೆ ಇನ್ನೊಂದು ಸೇರುತ್ತದೆ.

ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್ ತೆರೆಯುವ ಮುನ್ನ ಎರಡು ಸಣ್ಣ ಕೆಲಸಗಳಿವೆ. ಸೆಟ್ಟಿಂಗ್ಸ್‌ನ ಧ್ವನಿ ವಿಭಾಗಕ್ಕೆ ಹೋಗಿ, ಔಟ್‌ಪುಟ್ ಎಂದು ಯಾವುದು ಆಯ್ಕೆಯಾಗಿದೆ ಎಂದು ನೋಡಬೇಕು. ಟಿವಿಗೆ ಎಚ್‌ಡಿಎಂಐ ತಂತಿ ಜೋಡಿಸಿ ತೆಗೆದ ಮೇಲೂ ಆಯ್ಕೆ ಅಲ್ಲಿಯೇ ಉಳಿದಿರುವುದು ತೀರ ಸಾಮಾನ್ಯ. ಎರಡನೆಯದಾಗಿ, ಒಂದೇ ಯಂತ್ರದಲ್ಲಿ ವಿಂಡೋಸ್ ಕೂಡ ಇದ್ದರೆ, ಅದರ ಫಾಸ್ಟ್ ಸ್ಟಾರ್ಟಪ್ ಸೌಲಭ್ಯವು ಯಂತ್ರವನ್ನು ಪೂರ್ತಿಯಾಗಿ ಆರಿಸದೆ ಚಿಪ್ಪನ್ನು ಅರೆಎಚ್ಚರದಲ್ಲಿ ಬಿಟ್ಟಿರಬಹುದು. ವಿಂಡೋಸ್‌ನಲ್ಲಿ ಅದನ್ನು ನಿಲ್ಲಿಸಿ, ಯಂತ್ರವನ್ನು ಸಂಪೂರ್ಣ ಆರಿಸಿ, ಒಂದೆರಡು ನಿಮಿಷ ಬಿಟ್ಟು ಲಿನಕ್ಸ್ ತೆರೆಯಬೇಕು.

ಇಷ್ಟಕ್ಕೂ ಧ್ವನಿ ಬಾರದಿದ್ದರೆ ಟರ್ಮಿನಲ್ ತೆರೆಯಿರಿ. ಇಲ್ಲಿ ಆದೇಶಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಕೊಟ್ಟು, ಟೈಪ್ ಮಾಡಬೇಕಾದ ರೂಪವನ್ನು ಆವರಣದಲ್ಲಿ ಸೇರಿಸಿದೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರಗಳನ್ನು ಬಳಸಬೇಕು. ಮೊದಲ ಪ್ರಶ್ನೆ ಒಂದೇ: ಕರ್ನಲ್‌ಗೆ ಧ್ವನಿ ಕಾರ್ಡ್, ಅಂದರೆ ಆ ಧ್ವನಿ ಚಿಪ್, ಕಂಡಿದೆಯೇ? ‘ಎಪ್ಲೇ -ಎಲ್’ (aplay -l) ಎಂದು ಕೊಟ್ಟರೆ ಕಾರ್ಡ್‌ಗಳ ಪಟ್ಟಿ ಬರುತ್ತದೆ. ಈ ಒಂದು ಉತ್ತರದಿಂದಲೇ ಅರ್ಧ ಪೈಪನ್ನು ಸಂಶಯದಿಂದ ಬಿಡಿಸಬಹುದು. ಕಾರ್ಡ್ ಕಂಡರೆ ದೋಷ ಅದರ ಮೇಲಿನ ಭಾಗದಲ್ಲಿ ಅಥವಾ ಸ್ಪೀಕರಿನತ್ತ ಹೋಗುವ ಕೊನೆಯ ತುಂಡಿನಲ್ಲಿ ಇರುತ್ತದೆ. ಕಾರ್ಡ್ ಇಲ್ಲವೆಂಬ ಸಂದೇಶ ಬಂದರೆ ಡ್ರೈವರ್ ಮತ್ತು ಫರ್ಮ್‌ವೇರ್‌ಗಳನ್ನು ನೋಡಬೇಕು.

ಕಾರ್ಡ್ ಕಾಣದವರು ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ (lspci -nnk) ಆದೇಶ ಕೊಟ್ಟು, ಬಂದ ಪಟ್ಟಿಯಲ್ಲಿ ಆಡಿಯೊ ಎಂಬ ಪದವಿರುವ ಸಾಲನ್ನು ಹುಡುಕಬೇಕು. ಅದರ ಕೆಳಗೆ ಯಾವ ಡ್ರೈವರ್ ಬಳಕೆಯಲ್ಲಿದೆ ಎಂದು ಬರೆದಿರುತ್ತದೆ. ಸಾಮಾನ್ಯವಾಗಿ ಅಲ್ಲಿ ‘ಎಸ್‌ಎನ್‌ಡಿ_ಎಚ್‌ಡಿಎ_ಇಂಟೆಲ್’ ಅಥವಾ ಹೊಸ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ‘ಎಸ್‌ಒಎಫ್’ ಎಂದಿರುವ ಹೆಸರು ಕಾಣುತ್ತದೆ. ಎಸ್‌ಒಎಫ್ ಎಂದರೆ ಸೌಂಡ್ ಓಪನ್ ಫರ್ಮ್‌ವೇರ್. ಈ ಯಂತ್ರಗಳಲ್ಲಿ ಡ್ರೈವರ್ ಇದ್ದರೆ ಸಾಲದು, ಧ್ವನಿ ಸಂಸ್ಕಾರಕದೊಳಗೆ ತುಂಬುವ ಫರ್ಮ್‌ವೇರ್ ಕಡತವೂ ಇರಬೇಕು. ಅದಿಲ್ಲದಿದ್ದರೆ ಡ್ರೈವರ್ ಎದ್ದು ನಿಂತು ಮರುಕ್ಷಣವೇ ಕುಸಿಯುತ್ತದೆ. ‘ಸುಡೊ ಡಿಮೆಸೆಜ್’ (sudo dmesg; ಸುಡೊ ಎಂದರೆ ಆದೇಶವನ್ನು ನಿರ್ವಾಹಕರ ಅಧಿಕಾರದಿಂದ ಓಡಿಸುವುದು) ಎಂದು ಕೊಟ್ಟರೆ ಕರ್ನಲ್ ಬರೆದಿಟ್ಟ ದಿನಚರಿಯೇ ತೆರೆದುಕೊಳ್ಳುತ್ತದೆ, ಅದರಲ್ಲಿ ಫರ್ಮ್‌ವೇರ್ ಸಿಗಲಿಲ್ಲವೆಂಬ ದೂರು ಇದೆಯೇ ಎಂದು ಹುಡುಕಬೇಕು. ಡೆಬಿಯನ್‌ನಲ್ಲಿ ‘ಫರ್ಮ್‌ವೇರ್-ಎಸ್‌ಒಎಫ್-ಸೈನ್ಡ್’ (firmware-sof-signed), ಫೆಡೋರಾದಲ್ಲಿ ‘ಅಲ್ಸಾ-ಎಸ್‌ಒಎಫ್-ಫರ್ಮ್‌ವೇರ್’ (alsa-sof-firmware) ಎಂಬ ಪ್ಯಾಕೇಜನ್ನು ಸ್ಥಾಪಿಸಿ ಯಂತ್ರವನ್ನು ಮರುಪ್ರಾರಂಭಿಸಿದರೆ ಬಹಳಷ್ಟು ಸಲ ಕೆಲಸ ಮುಗಿಯುತ್ತದೆ. ಮುಕ್ತವಲ್ಲದ ಫರ್ಮ್‌ವೇರ್ 2023ರ ಡೆಬಿಯನ್ 12ರಿಂದ ಸ್ಥಾಪಕದ ಜೊತೆಗೇ ಬರುತ್ತಿದೆ. ಅದಕ್ಕೂ ಹಿಂದಿನ ಆವೃತ್ತಿಯಲ್ಲಿ ಉಳಿದವರಿಗೆ ಈ ತೊಂದರೆ ಹೆಚ್ಚು. ಮಳೆಗಾಲದಲ್ಲಿ ಬ್ರಾಡ್‌ಬ್ಯಾಂಡ್ ತಂತಿಯ ಮೇಲೆ ಮರ ಬಿದ್ದು ವಾರಗಟ್ಟಲೆ ಸಂಪರ್ಕ ಇಲ್ಲದವರು ಯುಎಸ್‌ಬಿ ತಂತಿಯಿಂದ ಮೊಬೈಲನ್ನು ಜೋಡಿಸಿ ಇಳಿಸಿಕೊಳ್ಳಬಹುದು, ಪ್ಯಾಕೇಜ್ ದೊಡ್ಡದೇನಲ್ಲ.

ನಿನ್ನೆಯವರೆಗೆ ಇದ್ದ ಧ್ವನಿ ಅಪ್‌ಡೇಟ್ ಆದ ಮೇಲೆ ಹೋಗಿದ್ದರೆ, ಯಂತ್ರ ಆರಂಭವಾಗುವಾಗ ಬರುವ ಗ್ರಬ್ ಪಟ್ಟಿಯ ಅಡ್ವಾನ್ಸ್ಡ್ ಆಯ್ಕೆಯಲ್ಲಿ ಹಿಂದಿನ ಕರ್ನಲ್ ಆರಿಸಿ ನೋಡಬೇಕು. ಹಳೆಯದರಲ್ಲಿ ಧ್ವನಿ ಬಂದರೆ ದೋಷ ಹೊಸ ಕರ್ನಲ್‌ನದು, ನಿಮ್ಮದಲ್ಲ. ಮುಂದಿನ ಅಪ್‌ಡೇಟ್ ಬರುವವರೆಗೆ ಹಳೆಯದರಲ್ಲೇ ಕೆಲಸ ಸಾಗಿಸಬಹುದು.

ಈಗ ಕಾರ್ಡ್ ಕಾಣುತ್ತಿದ್ದರೂ ಧ್ವನಿ ಇಲ್ಲದವರ ವಿಷಯ. ‘ಅಲ್ಸಾಮಿಕ್ಸರ್’ (alsamixer) ಎಂದು ಟೈಪ್ ಮಾಡಿದರೆ ಟರ್ಮಿನಲ್ಲಿನಲ್ಲೇ ಧ್ವನಿಯ ಕಂಬಗಳು ನಿಲ್ಲುತ್ತವೆ. ಎಫ್6 ಕೀಲಿಯಿಂದ ಸರಿಯಾದ ಕಾರ್ಡ್ ಆರಿಸಿಕೊಳ್ಳಬೇಕು. ಇದನ್ನು ಮರೆತರೆ ಪೈಪ್‌ವೈರ್‌ನ ಒಂದೇ ಕಂಬ ಕಾಣುತ್ತದೆ, ಕೆಳಗಿನ ಸತ್ಯ ಕಾಣುವುದಿಲ್ಲ. ಕಂಬದ ಬುಡದಲ್ಲಿ ‘ಎಂಎಂ’ ಎಂದಿದ್ದರೆ ಅದರ ಬಾಯಿ ಮುಚ್ಚಿದೆ ಎಂದರ್ಥ, ಎಂ ಕೀಲಿ ಒತ್ತಿದರೆ ‘00’ ಆಗಿ ತೆರೆದುಕೊಳ್ಳುತ್ತದೆ. ಮಾಸ್ಟರ್, ಸ್ಪೀಕರ್, ಪಿಸಿಎಂ ಮೂರನ್ನೂ ತೆರೆದು ಏರಿಸಿ, ಎಸ್ಕೇಪ್ ಒತ್ತಿ ಹೊರಬರಬೇಕು. ಆಮೇಲೆ ‘ಸ್ಪೀಕರ್-ಟೆಸ್ಟ್ -ಸಿ 2 -ಟಿ ವೇವ್’ (speaker-test -c 2 -t wav) ಕೊಟ್ಟರೆ ಎಡ ಬಲ ಸ್ಪೀಕರ್‌ಗಳಲ್ಲಿ ಒಂದು ದನಿ ಸರದಿಯಂತೆ ಇಂಗ್ಲಿಷಿನಲ್ಲಿ ಮಾತನಾಡುತ್ತದೆ. ನಿಲ್ಲಿಸಲು ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಒಟ್ಟಿಗೆ ಒತ್ತಬೇಕು.

ಈ ಪರೀಕ್ಷೆ ಸೌಂಡ್ ಸರ್ವರ್ ಮೂಲಕ ಹಾದುಹೋಗುತ್ತದೆ. ಅದನ್ನು ಬದಿಗಿಟ್ಟು ನೇರವಾಗಿ ಡ್ರೈವರನ್ನೇ ಕೇಳಬೇಕಾದರೆ ಅದೇ ಆದೇಶಕ್ಕೆ ‘-ಡಿ ಪ್ಲಗ್‌ಎಚ್‌ಡಬ್ಲ್ಯು:0,0’ (-D plughw:0,0) ಎಂದು ಸೇರಿಸಬೇಕು. ಇಲ್ಲಿ ಡಿ ಮಾತ್ರ ದೊಡ್ಡಕ್ಷರ, ಅಂಕಿಗಳು ಎಪ್ಲೇ ಪಟ್ಟಿಯಲ್ಲಿ ಕಂಡ ಕಾರ್ಡ್ ಮತ್ತು ಸಾಧನದ ಸಂಖ್ಯೆಗಳು. ಸಾಧನಕ್ಕೆ ಬಿಡುವಿಲ್ಲ ಎಂಬ ಉತ್ತರ ಬಂದರೆ ಬ್ರೌಸರ್ ಮುಚ್ಚಿ, ಕೆಲವು ಕ್ಷಣ ಕಾದು ಮತ್ತೆ ಕೊಡಬೇಕು. ನೇರ ದಾರಿಯಲ್ಲಿ ಧ್ವನಿ ಬಂದು ಸರ್ವರ್ ದಾರಿಯಲ್ಲಿ ಬಾರದಿದ್ದರೆ ಜಾಯಿಂಟ್ ಸಿಕ್ಕಂತೆಯೇ: ‘ಸಿಸ್ಟಮ್‌ಸಿಟಿಎಲ್ --ಯೂಸರ್ ರೀಸ್ಟಾರ್ಟ್ ಪೈಪ್‌ವೈರ್ ಪೈಪ್‌ವೈರ್-ಪಲ್ಸ್ ವೈರ್‌ಪ್ಲಂಬರ್’ (systemctl --user restart pipewire pipewire-pulse wireplumber) ಎಂದು ಕೊಟ್ಟು ಸರ್ವರನ್ನು ಮತ್ತೆ ಎಬ್ಬಿಸಬೇಕು. ಇದಕ್ಕೆ ಸುಡೊ ಬಳಸಬಾರದು. ಯಾವ ಸಾಧನಕ್ಕೆ ಯಾವ ಧ್ವನಿ ಹೋಗಬೇಕೆಂದು ತೀರ್ಮಾನಿಸುವ ಭಾಗಕ್ಕೆ ವೈರ್‌ಪ್ಲಂಬರ್ ಎಂದು ಹೆಸರಿಟ್ಟವರಿಗೆ ನಮ್ಮ ಒರತೆಯ ಪೈಪಿನ ಪಾಡು ಗೊತ್ತಿತ್ತೇನೋ. ಸೆಟ್ಟಿಂಗ್ಸ್‌ನಲ್ಲಿ ಡಮ್ಮಿ ಔಟ್‌ಪುಟ್ ಎಂದಷ್ಟೇ ಕಾಣುತ್ತಿದ್ದರೆ, ಸರ್ವರ್‌ಗೆ ಬಳಸಬಲ್ಲ ಕಾರ್ಡ್ ಯಾವುದೂ ಸಿಕ್ಕಿಲ್ಲವೆಂದು ತಿಳಿಯಬೇಕು. ಆಗ ಪಾವುಕಂಟ್ರೋಲ್ (pavucontrol) ಎಂಬ ತಂತ್ರಾಂಶ ತೆರೆದು, ಕಾನ್ಫಿಗರೇಶನ್ ಪುಟದಲ್ಲಿ ಕಾರ್ಡಿನ ಪ್ರೊಫೈಲ್ ಆಫ್ ಆಗಿದೆಯೇ ಎಂದು ನೋಡುವುದು ಒಳ್ಳೆಯದು.

ಇನ್ನು ನನ್ನ ಬಂಧುವಿನ ಲ್ಯಾಪ್‌ಟಾಪ್. ಕಾರ್ಡ್ ಇತ್ತು, ಡ್ರೈವರ್ ಸರಿಯಿತ್ತು, ಕಂಬಗಳೆಲ್ಲ ತೆರೆದಿದ್ದವು, ಬ್ಲೂಟೂತ್ ಸ್ಪೀಕರ್‌ನಲ್ಲಿ ಹಾಡೂ ಬರುತ್ತಿತ್ತು. ಸೆಟ್ಟಿಂಗ್ಸ್ ಮಾತ್ರ, ಏನನ್ನೂ ಚುಚ್ಚದಿದ್ದರೂ, ಹೆಡ್‌ಫೋನ್ ಜೋಡಿಸಲಾಗಿದೆ ಎಂದು ಹಟ ಹಿಡಿದಿತ್ತು. ಜೂನ್‌ನಿಂದ, ಜಡಿಮಳೆಯ ತಿಂಗಳಾದ ಆಟಿ ಕಕ್ಕಡ ಕಳೆಯುವವರೆಗೆ ಚಪ್ಪಲಿಗೂ ಪುಸ್ತಕಕ್ಕೂ ಬೂಷ್ಟು ಹಿಡಿಯುವ ನಮ್ಮ ಮನೆಗಳಲ್ಲಿ, ಹೆಡ್‌ಫೋನ್ ಜ್ಯಾಕಿನೊಳಗಿನ ಪುಟ್ಟ ಲೋಹದ ಎಲೆಗಳು ಕಿಲುಬು ಹಿಡಿಯದೆ ಉಳಿದರೆ ಅದೇ ಆಶ್ಚರ್ಯ. ಪಿನ್ ಒಳಗಿದೆಯೇ ಎಂದು ಯಂತ್ರಕ್ಕೆ ತಿಳಿಸುವುದು ಆ ಎಲೆಗಳ ಸಂಪರ್ಕವೇ. ತೇವ ಅಥವಾ ಕಿಲುಬು ಅದನ್ನು ಕೆಡಿಸಿದರೆ ಯಂತ್ರವು ಹೆಡ್‌ಫೋನ್ ಇದೆಯೆಂದು ನಂಬಿ ಸ್ಪೀಕರನ್ನು ತಾನಾಗಿಯೇ ಮುಚ್ಚುತ್ತದೆ. ಇದು ನೋಡಲು ತಪ್ಪದೆ ಡ್ರೈವರ್ ದೋಷದಂತೆಯೇ ಇರುತ್ತದೆ. ಪತ್ತೆ ಹಚ್ಚಲು ಅಲ್ಸಾಮಿಕ್ಸರ್‌ನಲ್ಲಿ ಬಲಕ್ಕೆ ಸರಿದು ‘ಆಟೊ-ಮ್ಯೂಟ್ ಮೋಡ್’ ಎಂಬುದನ್ನು ನಿಷ್ಕ್ರಿಯಗೊಳಿಸಿ, ಸೆಟ್ಟಿಂಗ್ಸ್‌ನಲ್ಲಿ ಸ್ಪೀಕರನ್ನು ಕೈಯಾರೆ ಆರಿಸಬೇಕು. ಆಗ ಧ್ವನಿ ಬಂದರೆ ತಪ್ಪು ಜ್ಯಾಕಿನದು.

ಜ್ಯಾಕ್ ಶುಚಿಗೊಳಿಸಲು ಯಂತ್ರವನ್ನು ಪೂರ್ತಿ ಆರಿಸಿ, ಚಾರ್ಜರ್ ಕಿತ್ತು, ಹೆಡ್‌ಫೋನ್ ಪಿನ್ನಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ತುಸುವೇ ಸವರಿ ಹತ್ತಿಪ್ಪತ್ತು ಸಲ ಒಳಗೆ ಹಾಕಿ ತೆಗೆಯಬೇಕು, ಬಳಿಕ ಒಣಗಲು ಬಿಡಬೇಕು. ತೆಂಗಿನೆಣ್ಣೆ ಬೇಡ. ಲ್ಯಾಪ್‌ಟಾಪನ್ನು ಕರಿಮೆಣಸಿನಂತೆ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಲು ಹೋದವರನ್ನೂ ನಾನು ನೋಡಿದ್ದೇನೆ, ಹೊಗೆಯ ಮಸಿ ಜ್ಯಾಕಿಗೆ ತೇವಕ್ಕಿಂತ ಕೆಟ್ಟದ್ದು. ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿ ಮತ್ತು ಸಿಲಿಕಾ ಜೆಲ್ ಪೊಟ್ಟಣಗಳು ಸಾಕು.

ಧ್ವನಿ ಬರುತ್ತಿದ್ದರೂ ಹಾಡು ಆರಂಭವಾಗುವಾಗ ಮತ್ತು ನಿಲ್ಲುವಾಗ ಟಪ್ ಎಂಬ ಸದ್ದು ಕೇಳುವುದು ಬೇರೆ ತೊಂದರೆ. ಬ್ಯಾಟರಿ ಉಳಿಸಲು ಡ್ರೈವರ್ ಚಿಪ್ಪನ್ನು ಮಲಗಿಸಿ ಎಬ್ಬಿಸುವಾಗ ಆ ಸದ್ದಾಗುತ್ತದೆ. ‘ಇಟಿಸಿ’ ಕೋಶದೊಳಗಿನ ‘ಮಾಡ್‌ಪ್ರೋಬ್.ಡಿ’ಯಲ್ಲಿ (/etc/modprobe.d) ‘ಕಾನ್ಫ್’ (.conf) ಎಂದು ಕೊನೆಗೊಳ್ಳುವ ಒಂದು ಕಡತ ಮಾಡಿ, ‘ಆಪ್ಷನ್ಸ್ ಎಸ್‌ಎನ್‌ಡಿ_ಎಚ್‌ಡಿಎ_ಇಂಟೆಲ್ ಪವರ್_ಸೇವ್=0’ (options snd_hda_intel power_save=0) ಎಂಬ ಸಾಲನ್ನು ಬರೆದು ಮರುಪ್ರಾರಂಭಿಸಿದರೆ ನಿಲ್ಲಬೇಕು. ಪ್ರತಿಯೊಂದು ಬದಲಾವಣೆಯನ್ನೂ ಕಾಗದದಲ್ಲಿ ಬರೆದಿಟ್ಟುಕೊಂಡು, ಫಲ ಸಿಗದಿದ್ದರೆ ಹಿಂತೆಗೆದ ಮೇಲೆಯೇ ಮುಂದಿನದಕ್ಕೆ ಹೋಗಬೇಕು.

ಇಷ್ಟೆಲ್ಲ ಆದ ಮೇಲೂ ಮೌನವೇ ಉಳಿದರೆ, ಲಿನಕ್ಸ್‌ನ ಹೊಸ ಆವೃತ್ತಿಯನ್ನು ಪೆನ್‌ಡ್ರೈವಿಗೆ ಇಳಿಸಿ, ಸ್ಥಾಪಿಸದೆ ಅದರಿಂದಲೇ ಯಂತ್ರವನ್ನು ಆರಂಭಿಸಿ ನೋಡಬೇಕು. ಅಲ್ಲಿ ಧ್ವನಿ ಬಂದರೆ ನಿಮ್ಮ ಡಿಸ್ಕಿನಲ್ಲಿರುವ ಕರ್ನಲ್ ಹಳತಾಗಿದೆ ಅಥವಾ ಸಂಯೋಜನೆ ಕೆಟ್ಟಿದೆ ಎಂದಾಗುತ್ತದೆ. ಅಲ್ಲಿಯೂ ಬಾರದಿದ್ದರೆ ‘ಅಲ್ಸಾ-ಇನ್ಫೊ’ (alsa-info) ಎಂಬ ಪುಟ್ಟ ತಂತ್ರಾಂಶವನ್ನು ಓಡಿಸಿ, ಅದು ಕೂಡಿಹಾಕುವ ಚಿಪ್, ಡ್ರೈವರ್ ಮತ್ತು ಕರ್ನಲ್ ವಿವರಗಳ ಕಡತವನ್ನು ತಿಳಿದವರ ಮುಂದಿಟ್ಟರೆ, ನಿಮ್ಮ ಎದುರು ಕೂರದೆಯೂ ಅವರು ಉಳಿದದ್ದನ್ನು ಹುಡುಕಬಲ್ಲರು.