ಬಾತುಬೇಟೆಗೆ ನಾಯಿ ಆರಿಸುವುದು ಹೇಗೆ? ಬಣ್ಣ ಬಿಡಿ, ತಾಯಿಯನ್ನು ನೋಡಿ

ಮಿನ್ನೆಸೋಟದಲ್ಲಿ ಕಾಡುಬಾತಿನ ಬೇಟೆ ಸೆಪ್ಟೆಂಬರ್ ಕೊನೆಗೆ ಶುರುವಾಗುತ್ತದೆ. ಜುಲೈ ಬಂತೆಂದರೆ ಇಲ್ಲಿನ ನಮ್ಮ ಕನ್ನಡದ ಹುಡುಗರಿಂದ ನನ್ನ ಫೋನಿಗೆ ಮರಿಗಳ ಫೋಟೊ ಬರತೊಡಗುತ್ತವೆ. ಕೆಳಗೆ ಒಂದೇ ಪ್ರಶ್ನೆ: ‘ಅಣ್ಣಾ, ಇದನ್ನ ತಗೊಳ್ಳಲಾ? ಬಣ್ಣ ಸೂಪರ್ ಆಗಿದೆ ಅಲ್ವಾ?’ ಫೋಟೊ ನೋಡಿ ನಾಯಿ ತಂದವರ ಪಾಡು ಸಾಕಷ್ಟು ನೋಡಿದ್ದೇನೆ. ನವೆಂಬರಿನಲ್ಲಿ ನೀರಿನಂಚಿಗೆ ಬಂದು ಪಾದ ಅದ್ದಿ ಹಿಂದೆ ಸರಿಯುವ ನಾಯಿ, ಒಂದೇ ಗುಂಡಿನ ಸದ್ದಿಗೆ ಕಾರಿನ ಕೆಳಗೆ ತೂರಿಕೊಳ್ಳುವ ನಾಯಿ, ಎರಡು ವರ್ಷಕ್ಕೇ ಹಿಂಗಾಲು ಎಳೆಯುವ ನಾಯಿ. ಆ ನಾಯಿಗಳ ತಪ್ಪು ಏನೂ ಇಲ್ಲ. ಆರಿಸಿದ ರೀತಿ ತಪ್ಪು.

ಊರಿನಲ್ಲಿ ಕೂತು ಓದುತ್ತಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಭಾರತದಲ್ಲಿ ಕಾಡುಬಾತನ್ನು ಬೇಟೆಯಾಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ದಂಡೆಯಲ್ಲಿ ನಿಂತು ಕಣ್ತುಂಬ ನೋಡಿ, ಅಷ್ಟೇ. ಈ ಲೇಖನ ಅಮೆರಿಕದಲ್ಲಿ ಲೈಸೆನ್ಸ್ ಪಡೆದು ಬೇಟೆಗೆ ಹೋಗುವವರಿಗೆ.

ನಾಯಿ ಯಾಕೆ ಬೇಕು ಅಂದರೆ, ಗುಂಡು ತಗುಲಿದ ಬಾತು ಎಲ್ಲಾ ಸಲ ಸತ್ತು ಬೀಳುವುದಿಲ್ಲ. ರೆಕ್ಕೆ ಮುರಿದುಕೊಂಡು ನೀರಿಗೆ ಬೀಳುತ್ತದೆ, ಮುಳುಗಿ ಈಜುತ್ತದೆ, ಜೊಂಡಿನೊಳಗೆ ಕೊಕ್ಕು ಮಾತ್ರ ಮೇಲಿಟ್ಟು ಅಡಗಿ ಕೂರುತ್ತದೆ. ಮನುಷ್ಯನ ಕಣ್ಣಿಗೆ ಅದು ಕಾಣಿಸುವುದೇ ಇಲ್ಲ. ಹೊಡೆದ ಹಕ್ಕಿಯನ್ನು ಹುಡುಕಿ ತರಲು ತಕ್ಕ ಪ್ರಯತ್ನ ಮಾಡಲೇಬೇಕು ಅಂತ ಇಲ್ಲಿನ ಕೇಂದ್ರ ಕಾನೂನೇ ಹೇಳುತ್ತದೆ. ಒಳ್ಳೆಯ ನಾಯಿ ಇಲ್ಲದೆ ಬಾತುಬೇಟೆಗೆ ಹೋಗಬಾರದು ಅನ್ನುವುದು ನನ್ನ ಮಾತು.

ಹಂತ 1: ಕಾಗದಪತ್ರ

ಬೇಟೆ ಸುರಕ್ಷತೆಯ ಕೋರ್ಸ್, ರಾಜ್ಯದ ಲೈಸೆನ್ಸ್, 16 ತುಂಬಿದವರಿಗೆ 25 ಡಾಲರಿನ ಫೆಡರಲ್ ಡಕ್ ಸ್ಟ್ಯಾಂಪ್ (ಬಾತುಬೇಟೆಗೆ ಕೇಂದ್ರ ಸರ್ಕಾರದ ಪರವಾನಗಿ ಚೀಟಿ), ಸೀಸದ ಬದಲು ಸ್ಟೀಲಿನಂಥ ವಿಷವಿಲ್ಲದ ಚರೆ. ಎಚ್‌1ಬಿ ವೀಸಾದಲ್ಲಿ ಇರುವವರು ಇನ್ನೊಂದು ವಿಷಯ ತಿಳಿದಿರಬೇಕು. ಅಂಥವರು ಬಂದೂಕು ಹಿಡಿಯುವುದನ್ನು ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು. ಗೆಳೆಯ ಹೇಳಿದ ಅಂತ ನಂಬಿಕೊಂಡು ಹೋಗಬೇಡಿ, ವಕೀಲರನ್ನು ಕೇಳಿ.

ಹಂತ 2: ನಿಮ್ಮ ನೀರು, ನಿಮ್ಮ ಮನೆ

ತಳಿಯ ಹೆಸರು ಹುಡುಕುವ ಮುಂಚೆ ಕೆಲವು ಪ್ರಶ್ನೆಗೆ ಉತ್ತರ ಬರೆದುಕೊಳ್ಳಿ. ನೀವು ಬೇಟೆಯಾಡುವ ನೀರು ಎಷ್ಟು ತಣ್ಣಗಿರುತ್ತದೆ? ದೋಣಿಯಲ್ಲಿ ಹೋಗುತ್ತೀರಾ, ದಂಡೆಯ ಮರೆಯಲ್ಲಿ ಕೂರುತ್ತೀರಾ? ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರಾ? ಊರಿಂದ ಆರು ತಿಂಗಳಿಗೆ ಅಂತ ಬರುವ ಅಪ್ಪ ಅಮ್ಮನಿಗೆ ನಾಯಿ ಅಂದರೆ ಭಯವಾ? ಬೇಟೆ ಇರುವುದು ವರ್ಷದಲ್ಲಿ ಕೆಲವೇ ವಾರ. ಉಳಿದಷ್ಟೂ ದಿನ ಈ ನಾಯಿ ನಿಮ್ಮ ಹಾಲ್‌ನಲ್ಲೇ ಮಲಗುತ್ತದೆ. ಇದನ್ನು ಯಾರೂ ಲೆಕ್ಕಕ್ಕೇ ತಗೊಳ್ಳುವುದಿಲ್ಲ.

ಹಂತ 3: ತಳಿ

ಮೊದಲ ಸಲ ನಾಯಿ ತರುವವರಿಗೆ ನನ್ನ ಉತ್ತರ ಒಂದೇ, ಲ್ಯಾಬ್ರಡಾರ್. ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಮೀನುಗಾರರ ಜೊತೆ ನೀರಿಗಿಳಿದು ಕೆಲಸ ಮಾಡುತ್ತಿದ್ದ ನಾಯಿಗಳಿಂದ ಬಂದು, ಬ್ರಿಟನ್ನಿನಲ್ಲಿ ರೂಪುಗೊಂಡ ತಳಿ ಇದು. ಒಳಗೊಂದು ದಟ್ಟ ಕೂದಲಿನ ಪದರ, ಮೇಲೊಂದು ಗಿಡ್ಡ ಪದರ ಇರುವುದರಿಂದ ನೀರು ಚರ್ಮಕ್ಕೆ ಬೇಗ ಇಳಿಯುವುದಿಲ್ಲ. ಬುಡದಲ್ಲಿ ದಪ್ಪಗಿರುವ ಬಾಲ ಈಜುವಾಗ ಚುಕ್ಕಾಣಿಯ ಕೆಲಸ ಮಾಡುತ್ತದೆ. ಕಲಿಸುವವರು ಹೊಸಬರಾದರೂ ತಾಳಿಕೊಳ್ಳುವ ಸ್ವಭಾವ. 1991ರಿಂದ 2021ರವರೆಗೆ ನಾಯಿಗಳ ತಳಿ ನೋಂದಾಯಿಸುವ ಅಮೆರಿಕನ್ ಕೆನಲ್ ಕ್ಲಬ್ಬಿನ (ಎಕೆಸಿ) ಜನಪ್ರಿಯ ತಳಿಗಳ ಪಟ್ಟಿಯಲ್ಲಿ ಅದೇ ಮೊದಲ ಸ್ಥಾನದಲ್ಲಿತ್ತು. ಆದರೆ ಆ ಜನಪ್ರಿಯತೆಯೇ ತೊಂದರೆಗೂ ಕಾರಣ. ಸಿಕ್ಕಸಿಕ್ಕವರೆಲ್ಲ ಮರಿ ಮಾಡಿಸಿ ಮಾರುತ್ತಾರೆ.

ಚೆಸಪೀಕ್ ಬೇ ರಿಟ್ರೀವರ್ ಮಂಜುಗಟ್ಟುವ ನೀರಿನ ನಾಯಿ. 1807ರಲ್ಲಿ ಮೇರಿಲ್ಯಾಂಡ್ ಕರಾವಳಿಯಲ್ಲಿ ಒಡೆದ ಹಡಗಿನಿಂದ ಉಳಿಸಿದ ಸೈಲರ್, ಕ್ಯಾಂಟನ್ ಎಂಬ ಎರಡು ಮರಿಗಳಿಂದ ಈ ತಳಿಯ ಕತೆ ಶುರುವಾಗುತ್ತದೆ. ಮೈಮೇಲಿನ ಕೂದಲು ಅಲೆಅಲೆಯಾಗಿ, ಎಣ್ಣೆ ಜಿಡ್ಡಿನಿಂದ ಕೂಡಿರುತ್ತದೆ. ಮುಟ್ಟಿ ನೋಡಿದರೆ ಬೆರಳಿಗೇ ಗೊತ್ತಾಗುತ್ತದೆ. ಒಂದು ಸಲ ಮೈ ಕೊಡವಿದರೆ ಮುಕ್ಕಾಲು ನೀರು ಹೋಯಿತು. ಆದರೆ ಹಟಮಾರಿ. ಯಜಮಾನನಿಗೆ ಅಂಟಿಕೊಳ್ಳುತ್ತದೆ, ಹೊಸಬರನ್ನು ಅನುಮಾನಿಸುತ್ತದೆ. ವಾರಕ್ಕೊಮ್ಮೆ ಮನೆ ತುಂಬ ನೆಂಟರು, ಸ್ನೇಹಿತರು ಬರುವ ನಮ್ಮಂಥವರ ಮನೆಗೆ ಇದು ಹೊಂದುವುದು ಕಷ್ಟ.

ದಕ್ಷಿಣದ ಬೆಚ್ಚಗಿನ ರಾಜ್ಯಗಳಲ್ಲಿ, ಚಿಕ್ಕ ದೋಣಿಯಲ್ಲಿ ಹೋಗುವವರು ಬಾಯ್ಕಿನ್ ಸ್ಪ್ಯಾನಿಯಲ್ ನೋಡಿ. ಸೌತ್ ಕ್ಯಾರೊಲೈನಾದ ರಾಜ್ಯ ನಾಯಿ ಅದು. ಹೆಚ್ಚೆಂದರೆ 18 ಕಿಲೊ ತೂಗುತ್ತದೆ, ಹಾಗಾಗಿ ನೀರಿಗೆ ಹಾರಿದರೂ ದೋಣಿ ಜಾಸ್ತಿ ಅಲುಗಾಡುವುದಿಲ್ಲ. ಉತ್ತರದ ನವೆಂಬರಿಗೆ ಬೇಡ. ಗೋಲ್ಡನ್ ರಿಟ್ರೀವರ್ ಬುದ್ಧಿವಂತ, ಆದರೆ ಆ ಉದ್ದ ಕೂದಲಿಗೆ ಜವುಗಿನ ಮುಳ್ಳುಬೀಜಗಳು ಮೆತ್ತಿಕೊಂಡು ಸಂಜೆಯೆಲ್ಲ ಬಾಚುತ್ತಾ ಕೂರಬೇಕು. ಈ ತಳಿಯಲ್ಲಿ ಕ್ಯಾನ್ಸರ್ ಕೂಡ ಜಾಸ್ತಿ.

ಮುಧೋಳ ನಾಯಿ ತರಿಸಬಹುದಾ ಅಂತ ಕೇಳುವವರಿದ್ದಾರೆ. ಅಭಿಮಾನ ನನಗೂ ಇದೆ. ಆದರೆ ಅದು ಬಯಲಿನಲ್ಲಿ ಕಣ್ಣಿಂದ ಗುರಿ ಹಿಡಿದು ಓಡುವ ನಾಯಿ. ಮೈಯಲ್ಲಿ ಕೊಬ್ಬಿಲ್ಲ, ಕೂದಲು ತೆಳು. ಅದನ್ನು ತಂದು ಇಲ್ಲಿನ ಮಂಜಿನ ನೀರಿಗೆ ಇಳಿಸುವುದು ಹಿಂಸೆ.

ಹಂತ 4: ಮರಿಯಲ್ಲ, ಸೂಲು ಆರಿಸಿ

ಎಲ್ಲರೂ ಎಡವುವುದು ಇಲ್ಲಿ. ಹತ್ತು ಮರಿ ಮುಂದೆ ಕುಣಿಯುತ್ತಿರುವಾಗ ಯಾವುದು ಮುದ್ದಾಗಿದೆ ಅಂತ ನೋಡುತ್ತಾರೆ. ಅಷ್ಟರಲ್ಲಿ ನಿರ್ಧಾರ ಮುಗಿದಿರಬೇಕು. ಮರಿ ಹುಟ್ಟುವ ಮುಂಚೆಯೇ ಅದರ ಅಪ್ಪ ಅಮ್ಮನನ್ನು ಆರಿಸಬೇಕು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅನ್ನುವ ಮಾತು ಬೇಟೆನಾಯಿಯಲ್ಲಿ ಅಕ್ಷರಶಃ ನಿಜ.

ಮೊದಲು ವಂಶಾವಳಿ. ‘ಎಕೆಸಿ ಪೇಪರ್ ಇದೆ’ ಅಂದರೆ ಅಪ್ಪ ಅಮ್ಮ ನೋಂದಣಿಯಾಗಿದ್ದಾರೆ ಅಂತ ಮಾತ್ರ ಅರ್ಥ. ಗುಣಮಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. ನೀವು ಹುಡುಕಬೇಕಾದ್ದು ಹೆಸರಿನ ಹಿಂದೆ ಮುಂದೆ ಇರುವ ಅಕ್ಷರಗಳನ್ನು. ಹೆಸರಿನ ಕೊನೆಗೆ ಜೆಎಚ್, ಎಸ್‌ಎಚ್, ಎಂಎಚ್ ಅಂತಿದ್ದರೆ ಆ ನಾಯಿ ಜೂನಿಯರ್, ಸೀನಿಯರ್, ಮಾಸ್ಟರ್ ಮಟ್ಟದ ಬೇಟೆ ಪರೀಕ್ಷೆ ಪಾಸಾಗಿದೆ. ಹೆಸರಿನ ಶುರುವಿನಲ್ಲಿ ಎಫ್‌ಸಿ ಇದ್ದರೆ ಅದು ಫೀಲ್ಡ್ ಸ್ಪರ್ಧೆಯ ಚಾಂಪಿಯನ್. ಅಪ್ಪ, ಅಮ್ಮ, ಅಜ್ಜ, ಅಜ್ಜಿ, ಈ ಆರು ಹೆಸರುಗಳಲ್ಲಿ ಒಂದಕ್ಕೂ ಬೇಟೆಯ ಬಿರುದಿಲ್ಲ, ಬೇಟೆಗೆ ಹೋದ ದಾಖಲೆಯೂ ಇಲ್ಲ ಅಂದರೆ ಮುಂದಿನ ಮನೆ ನೋಡಿ. ಹಾಗಂತ ಆರಕ್ಕೆ ಆರೂ ಫೀಲ್ಡ್ ಚಾಂಪಿಯನ್ ಇರುವ ಸೂಲಿಗೂ ಹೊಸಬರು ಕೈ ಹಾಕಬೇಡಿ. ಆ ಮರಿಗಳ ಬಿಸಿರಕ್ತಕ್ಕೆ ದಿನಕ್ಕೆ ಗಂಟೆಗಟ್ಟಲೆ ಕೆಲಸ ಕೊಡಬೇಕು. ಲ್ಯಾಪ್‌ಟಾಪ್ ಮುಂದೆ ದಿನ ಕಳೆಯುವವರ ಮನೆಯಲ್ಲಿ ಅವು ಸೋಫಾ ಹರಿದು ಹಾಕುತ್ತವೆ. ಸೀನಿಯರ್ ಅಥವಾ ಮಾಸ್ಟರ್ ಹಂಟರ್ ಅಪ್ಪ ಅಮ್ಮ ಇದ್ದರೆ ಧಾರಾಳ ಸಾಕು.

ಎರಡನೆಯದು ಆರೋಗ್ಯ. ಸೊಂಟದ ಕೀಲು, ಮುಂಗಾಲಿನ ಮೊಣಕೈ ಕೀಲು, ಕಣ್ಣು. ಮೂರಕ್ಕೂ ಪ್ರಮಾಣಪತ್ರ ಕೇಳಿ. ಸೊಂಟಕ್ಕೆ, ನಾಯಿಗಳ ಆರೋಗ್ಯ ತಪಾಸಣೆಯ ದಾಖಲೆ ಇಡುವ ಒಎಫ್‌ಎ ಸಂಸ್ಥೆ ಅಂತಿಮ ದರ್ಜೆ ಕೊಡುವುದು ನಾಯಿಗೆ 24 ತಿಂಗಳು ತುಂಬಿದ ಮೇಲೆಯೇ. ಹಾಗಾಗಿ ಒಂದೂವರೆ ವರ್ಷದ ತಾಯಿ ಮರಿ ಹಾಕಿದ್ದರೆ ಅಲ್ಲಿಂದ ನಮಸ್ಕಾರ ಹೇಳಿ ಬನ್ನಿ. ‘ನಮ್ಮ ಡಾಕ್ಟರು ನೋಡಿ ಚೆನ್ನಾಗಿದೆ ಅಂದರು’ ಅನ್ನುವುದು ಪ್ರಮಾಣಪತ್ರ ಅಲ್ಲ. ನಾಯಿಯ ನೋಂದಣಿ ಹೆಸರು ತಗೊಂಡು ಒಎಫ್‌ಎ ವೆಬ್‌ಸೈಟಿನಲ್ಲಿ ನೀವೇ ಹುಡುಕಿ, ಪುಕ್ಕಟೆ. ಎರಡು ನಿಮಿಷದ ಕೆಲಸ. ಇಷ್ಟು ಮಾಡದೆ ದುಡ್ಡು ಕಟ್ಟುವವರನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಲ್ಯಾಬ್ರಡಾರ್ ಆದರೆ ಇಐಸಿ, ಅಂದರೆ ಜೋರಾಗಿ ಓಡಿದಾಗ ಕುಸಿಯುವ ವಂಶಪಾರಂಪರ್ಯ ಕಾಯಿಲೆಯ ಪರೀಕ್ಷೆ ಬಿಡಲೇಬೇಡಿ. ಈ ಕಾಯಿಲೆ ಇರುವ ನಾಯಿ ನೋಡಲು ಗಟ್ಟಿಮುಟ್ಟಾಗಿ, ಲವಲವಿಕೆಯಿಂದ ಇರುತ್ತದೆ. ಹತ್ತು ನಿಮಿಷ ಜೋರಾಗಿ ಓಡಿಸಿ, ಹಿಂಗಾಲು ತೂರಾಡಲು ಶುರುವಾಗುತ್ತದೆ, ಆಮೇಲೆ ಕುಸಿಯುತ್ತದೆ. ಕೆಲವು ಸತ್ತೂ ಹೋಗುತ್ತವೆ. ಇದು ನಡುನೀರಿನಲ್ಲಿ ಆದರೆ ಏನು ಗತಿ ಅಂತ ಯೋಚಿಸಿ. ಇದಕ್ಕೆ ಕಾರಣವಾದ ಜೀನ್ ದೋಷವನ್ನು 2008ರಲ್ಲಿ ಪ್ರಕಟಿಸಿದ ತಂಡ ನಮ್ಮ ಮಿನ್ನೆಸೋಟ ವಿಶ್ವವಿದ್ಯಾಲಯದ್ದೇ. ಅಪ್ಪ ಅಮ್ಮ ಇಬ್ಬರೂ ಕ್ಯಾರಿಯರ್, ಅಂದರೆ ಒಂದೇ ಕಡೆಯ ದೋಷ ಹೊತ್ತವರು, ಆಗಿದ್ದರೆ ಸರಾಸರಿ 4 ಮರಿಯಲ್ಲಿ 1 ಮರಿಗೆ ಎರಡೂ ಕಡೆಯ ದೋಷ ಬರುತ್ತದೆ. ಇಬ್ಬರಲ್ಲಿ ಒಬ್ಬರು ಕ್ಲಿಯರ್, ಅಂದರೆ ದೋಷವೇ ಇಲ್ಲದವರು, ಇದ್ದರೆ ಸಾಕು, ಮರಿಗಳು ಬಚಾವ್.

ಮೂರನೆಯದು, ತಾಯಿಯ ಕೆಲಸವನ್ನು ಕಣ್ಣಾರೆ ನೋಡುವುದು. ಸೂಲಿಗೆ ಮುಂಚೆ ಹೋಗಿ. ಬ್ರೀಡರ್ ಬಂಪರನ್ನೋ (ತರಬೇತಿಗೆ ಎಸೆಯುವ ತೇಲುವ ದಿಂಡು), ಸತ್ತ ಬಾತನ್ನೋ ನೀರಿಗೆ ಎಸೆಯಲಿ. ನೀವು ನೋಡಬೇಕಾದ್ದು ವೇಗವನ್ನಲ್ಲ. ಎಸೆಯುವ ಮುಂಚೆ ಅವಳು ಹೇಗೆ ಕೂತಿದ್ದಾಳೆ? ಮೈಯೆಲ್ಲ ನಡುಗುತ್ತಿದ್ದರೂ ಬಾಯಿ ಮುಚ್ಚಿ, ಬಿದ್ದ ಜಾಗದ ಮೇಲೇ ಕಣ್ಣು ನೆಟ್ಟು ಕೂತಿದ್ದರೆ ಅದು ಹದವಾದ ನಾಯಿ. ಕುಂಯ್‌ಗುಟ್ಟುತ್ತಾ ಕೂತರೆ ಆ ಗುಣ ಮರಿಗೂ ಬರುವುದು ಹೆಚ್ಚು. ಮರೆಯಲ್ಲಿ ಕೂತಾಗ ಅಂಥ ನಾಯಿಯ ಸದ್ದಿಗೆ ಬಾತು ಹತ್ತಿರವೂ ಸುಳಿಯುವುದಿಲ್ಲ. ನೀರಿಗೆ ಇಳಿಯುವಾಗ ದಡದಲ್ಲಿ ಅತ್ತಿತ್ತ ಓಡಾಡದೆ ನೇರ ಇಳಿಯಬೇಕು. ತಂದು ಕೈಗೆ ಕೊಟ್ಟ ಮೇಲೆ ಹಕ್ಕಿಯನ್ನು ತಿರುಗಿಸಿ ನೋಡಿ. ಪುಕ್ಕ ಒದ್ದೆಯಾಗಿರುತ್ತದೆ, ಆದರೆ ಚರ್ಮ ಹರಿದಿರಬಾರದು. ಎದೆಗೂಡನ್ನು ಬೆರಳಿಂದ ಒತ್ತಿ ನೋಡಿ, ಮೂಳೆ ಪುಡಿಯಾಗಿದ್ದರೆ ಆ ತಾಯಿಯ ಬಾಯಿ ಗಟ್ಟಿ. ಗಟ್ಟಿ ಬಾಯಿಯ ನಾಯಿ ತರುವ ಬಾತು ಅಡುಗೆಗೆ ಬರುವುದಿಲ್ಲ.

ತಾಯಿಯನ್ನು ತೋರಿಸಲು ನೆಪ ಹೇಳುವವರು, ಪಾರ್ಕಿಂಗ್ ಲಾಟಿನಲ್ಲಿ ಮರಿ ಕೊಡುತ್ತೇವೆ ಅನ್ನುವವರು, ಇವರ ಸಹವಾಸವೇ ಬೇಡ. ‘ಅಪರೂಪದ ಬೆಳ್ಳಿ ಬಣ್ಣ’ ಅಂತ ದುಪ್ಪಟ್ಟು ರೇಟು ಹೇಳುವವರೂ ಅಷ್ಟೇ. ಬೆಳ್ಳಿ ಬಣ್ಣವನ್ನು ತಳಿಯ ಮಾತೃಸಂಸ್ಥೆಯಾದ ಲ್ಯಾಬ್ರಡಾರ್ ರಿಟ್ರೀವರ್ ಕ್ಲಬ್ಬೇ ಒಪ್ಪುವುದಿಲ್ಲ. ಆ ಬಣ್ಣ ಕೊಡುವ ಜೀನಿನಿಂದ ಕೆಲವು ನಾಯಿಗಳ ಕೂದಲೂ ಉದುರುತ್ತದೆ. ಕಪ್ಪು, ಹಳದಿ, ಚಾಕೊಲೇಟ್, ಕೆಲಸಕ್ಕೆ ಮೂರೂ ಒಂದೇ.

ಹಂತ 5: ಮರಿ

ಸೂಲು ಸರಿಯಾಗಿದ್ದರೆ ಇದು ಸುಲಭ. ಮೂಲೆ ಸೇರಿ ನಡುಗುವುದೂ ಬೇಡ, ಎಲ್ಲರ ಮೇಲೆ ಎಗರುವುದೂ ಬೇಡ, ನಡುವಿನದು ತಗೊಳ್ಳಿ. ಸುತ್ತಿದ ಕಾಲುಚೀಲ ಉರುಳಿಸಿದರೆ ಬೆನ್ನಟ್ಟಿ ಬಾಯಲ್ಲಿ ಹಿಡಿಯುತ್ತದಾ ನೋಡಿ. ತಟ್ಟೆ ಬೀಳಿಸಿದರೆ ಬೆಚ್ಚಲಿ, ಆದರೆ ಮತ್ತೆ ಮೂಸಲು ಬರಬೇಕು. ಮರಿಗಳನ್ನು ಎಂಟು ವಾರದಿಂದ ನೋಡಿಕೊಂಡ ಬ್ರೀಡರ್‌ಗೆ ಗೊತ್ತಿರುವಷ್ಟು ನಿಮಗೆ ಅರ್ಧ ಗಂಟೆಯಲ್ಲಿ ಗೊತ್ತಾಗುವುದಿಲ್ಲ. ಅವರನ್ನೇ ಕೇಳಿ.

ಹಂತ 6: ಗುಂಡಿನ ಸದ್ದು

ಒಳ್ಳೆಯ ಮರಿಯೂ ಕೆಡುವುದು ಇಲ್ಲಿ. ಮರಿಯನ್ನು ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋಗಿ ‘ಅಭ್ಯಾಸ’ ಮಾಡಿಸುವವರಿದ್ದಾರೆ. ದಯವಿಟ್ಟು ಬೇಡ. ಮೊದಲು ಹಕ್ಕಿಯ ಹುಚ್ಚು ಹತ್ತಬೇಕು. ಬಾತಿನ ರೆಕ್ಕೆಯನ್ನು, ಆಮೇಲೆ ಇಡೀ ಹಕ್ಕಿಯನ್ನು ಬೆನ್ನಟ್ಟಿ ತರುವುದರಲ್ಲಿ ಅದು ಮೈಮರೆಯಬೇಕು. ಆಗ ನೂರು ಗಜ ದೂರದಲ್ಲಿ ಒಬ್ಬರು ಗುಂಡಿಲ್ಲದೆ ಬರೀ ಮದ್ದು ತುಂಬಿದ ಪಿಸ್ತೂಲಿನಿಂದ ಒಂದು ಸದ್ದು ಮಾಡಲಿ, ಅದೂ ಹಕ್ಕಿ ಗಾಳಿಯಲ್ಲಿರುವಾಗ. ಮರಿ ತಿರುಗಿಯೂ ನೋಡಲಿಲ್ಲವಾ, ಮುಂದಿನ ಸಲ ಸ್ವಲ್ಪ ಹತ್ತಿರ. ಕಿವಿ ಹಿಂದಕ್ಕೆ ಹೋಯಿತಾ, ಆವತ್ತಿಗೆ ನಿಲ್ಲಿಸಿ. ಸದ್ದಿನ ಭಯ ಒಮ್ಮೆ ಹೊಕ್ಕರೆ ಬಿಡಿಸುವುದು ತುಂಬ ಕಷ್ಟ.

ಸಾಮಾನಿನ ವಿಷಯ. ಟೆನಿಸ್ ಚೆಂಡು ಹಲ್ಲು ಸವೆಸುತ್ತದೆ, ಕೀಚುಗುಟ್ಟುವ ಆಟಿಕೆ ಕಚ್ಚುವುದನ್ನು ಕಲಿಸುತ್ತದೆ, ಎರಡೂ ಮನೆಗೆ ಬೇಡ. ಅಗ್ಗದ ಶಾಕ್ ಕಾಲರ್ ಅಂತೂ ಮುಟ್ಟಲೇಬೇಡಿ. ಅದರ ಹೊಡೆತ ಒಮ್ಮೆ ಇದ್ದಂತೆ ಇನ್ನೊಮ್ಮೆ ಇರುವುದಿಲ್ಲ. ದುಡ್ಡು ಹಾಕುವುದಾದರೆ ನಾಯಿಗೆ ತೊಡಿಸುವ, ರಬ್ಬರಿನಂಥ ನಿಯೊಪ್ರೀನ್ ಕೋಟಿಗೆ ಹಾಕಿ, ಅದೂ ನಾಯಿಯನ್ನು ಕರೆದೊಯ್ದು ಅಳತೆ ನೋಡಿ. ಸಡಿಲವಾದರೆ ನೀರು ತುಂಬುತ್ತದೆ, ಮುಂಗಾಲಿನ ಕಂಕುಳು ಉಜ್ಜಿ ಗಾಯವಾಗುತ್ತದೆ. ಆಗಸ್ಟಿನಲ್ಲಿ ಹಸಿರು ಬಣ್ಣ ಚೆಲ್ಲಿದಂತೆ ಕಾಣುವ ಕೆರೆಗೆ ತರಬೇತಿಗೆಂದು ನಾಯಿ ಇಳಿಸಬೇಡಿ. ಆ ನೀಲಿ-ಹಸಿರು ಪಾಚಿಯ ವಿಷ ನಾಯಿಯನ್ನು ಗಂಟೆಗಳಲ್ಲಿ ಕೊಲ್ಲಬಲ್ಲದು.

ಮೊದಲ ಸೀಸನ್ನಿನಲ್ಲಿ ನಿಮ್ಮ ಬಂದೂಕು ಮನೆಯಲ್ಲೇ ಇರಲಿ. ಜೊತೆಯವರು ಹೊಡೆಯಲಿ, ನೀವು ನಾಯಿಯ ಪಕ್ಕ ಕೂತು ಅದನ್ನು ನೋಡಿಕೊಳ್ಳಿ. ಜುಲೈನಲ್ಲಿ ತಂದ ಎಂಟು ವಾರದ ಮರಿಯನ್ನು ಅದೇ ಸೆಪ್ಟೆಂಬರಿನಲ್ಲಿ ಬೇಟೆಗೆ ಇಳಿಸುವ ಆಸೆಯನ್ನಂತೂ ಬಿಟ್ಟುಬಿಡಿ. ಆಗ ಅದಿನ್ನೂ ಹಾಲುಹಲ್ಲು ಉದುರಿಸುತ್ತಿರುತ್ತದೆ. ಒಳ್ಳೆಯ ಬ್ರೀಡರ್‌ಗಳ ಮರಿಗಳು ಹುಟ್ಟುವ ಮುಂಚೆಯೇ ಬುಕ್ ಆಗಿರುತ್ತವೆ. ಮುಂದಿನ ವರ್ಷದ ಬೇಟೆಗೆ ನಾಯಿ ಬೇಕಿದ್ದರೆ ಈಗಲೇ ಫೋನ್ ಮಾಡಿ. ಮೊದಲು ಕೇಳಬೇಕಾದ್ದು ಮರಿಯ ರೇಟಲ್ಲ, ತಾಯಿಯ ನೋಂದಣಿ ಹೆಸರು.